ಒಂದೇ ಬೀಗದ ಪೇಟೆ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರ್ಕೆಟ್ ಸ್ಟ್ರೀಟ್ ಮತ್ತು ಐದನೇ ರಸ್ತೆ ಸೇರೋ ಮೂಲೆಯಲ್ಲಿ ಒಂದು ಮಾಲ್ ಇದೆ. 2016ರಲ್ಲಿ ಅದರ ಬೆಲೆ 120 ಕೋಟಿ ಡಾಲರ್ ಅಂತ ಲೆಕ್ಕ ಹಾಕಿದ್ದರು. 2023ರ ಕೊನೆಗೆ ಅದೇ ಕಟ್ಟಡದ ಬೆಲೆ 29 ಕೋಟಿಗೆ ಇಳೀತು. 2025ರ ನವೆಂಬರಿನಲ್ಲಿ ಹರಾಜಿಗೆ ಬಂದಾಗ ಸಾಲ ಕೊಟ್ಟಿದ್ದ ಬ್ಯಾಂಕುಗಳೇ 13 ಕೋಟಿ 30 ಲಕ್ಷ ಡಾಲರ್‌ಗೆ ಕೂಗಿ ತಮ್ಮ ಹೆಸರಿಗೆ ಮಾಡಿಕೊಂಡವು. ಅದರ ಮೇಲಿದ್ದ ಸಾಲ ಎಷ್ಟು ಗೊತ್ತಾ? 55 ಕೋಟಿ 80 ಲಕ್ಷ.

ಈ ಅಂಕಿಗಳನ್ನು ಹೇಳಿದ ತಕ್ಷಣ ನಮ್ಮ ಸರ್ಕಲ್ಲಿನಲ್ಲಿ ಎರಡು ಉತ್ತರ ರೆಡಿ ಇರುತ್ತೆ. ಒಂದು, ‘ಅಮೆಜಾನ್ ಬಂತು, ಮಾಲ್ ಸತ್ತಿತು.’ ಇನ್ನೊಂದು, ‘ಆ ಊರು ಕೆಟ್ಟೋಯ್ತು ಗುರೂ, ಕಳ್ಳತನ, ಡ್ರಗ್ಸ್, ಯಾರು ಹೋಗ್ತಾರೆ ಅಲ್ಲಿಗೆ?’ ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಎರಡೂ ಸೇರಿದರೂ ಪೂರ್ತಿ ಉತ್ತರ ಆಗಲ್ಲ. ಪೇಟೆ ಬೀದಿಯೊಂದು ಸೊರಗಿದರೆ ನಾಲ್ಕು ಅಂಗಡಿ ಮುಚ್ಚುತ್ತವೆ, ಎರಡು ಹೊಸದು ತೆರೆಯುತ್ತವೆ. ಮಾಲ್ ಸೊರಗಿದರೆ ಇಡೀ ಬ್ಲಾಕಿಗೆ ಬ್ಲಾಕೇ ಕತ್ತಲಾಗುತ್ತೆ. ಹೀಗೆ ಯಾಕೆ ಆಗುತ್ತೆ ಅನ್ನೋದು ನನಗೆ ಮುಖ್ಯವಾದ ಪ್ರಶ್ನೆ. ಯಾಕಂದ್ರೆ ಅದೇ ಥರದ ಬ್ಲಾಕುಗಳನ್ನು ನಾವೀಗ ಬೆಂಗಳೂರಿನಲ್ಲಿ ಕಟ್ತಾ ಇದೀವಿ.

ಮೊದಲು ಕಟ್ಟಡದ ಕಥೆ. ಇದು ಒಂದು ಕಟ್ಟಡ ಅಲ್ಲ, ಎರಡು. ಹಳೆಯದರ ಹೆಸರು ಎಂಪೋರಿಯಂ. 1896ರಲ್ಲಿ ಶುರುವಾದ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಒಳಗಿನದೆಲ್ಲ ಬೂದಿಯಾಯಿತು, ಮಾರ್ಕೆಟ್ ಸ್ಟ್ರೀಟ್ ಕಡೆಗಿನ ಕಲ್ಲಿನ ಮುಂಭಾಗ ಮಾತ್ರ ನಿಂತಿತು. 1908ರ ಹೊತ್ತಿಗೆ ಅದರ ಹಿಂದೆ ಮತ್ತೆ ಕಟ್ಟಿದರು, ಮೇಲೊಂದು ಗಾಜಿನ ಗುಮ್ಮಟ ಕೂರಿಸಿದರು. ಕ್ರಿಸ್‌ಮಸ್ ಬಂತೆಂದರೆ ಆ ಅಂಗಡಿಯ ತಾರಸಿ ಮೇಲೆ ಮಕ್ಕಳಿಗೆ ಜಾತ್ರೆ. ಪುಟ್ಟ ರೈಲು, ತಿರುಗೋ ಚಕ್ರ, ಜಾರುಬಂಡೆ. ಆ ಊರಿನ ವಯಸ್ಸಾದವರನ್ನು ಎಂಪೋರಿಯಂ ಬಗ್ಗೆ ಕೇಳಿದರೆ ಅಲ್ಲಿ ಕೊಂಡ ಬಟ್ಟೆಗಿಂತ ಮೊದಲು ಆ ತಾರಸಿ ಜಾತ್ರೆಯ ಮಾತು ಬರುತ್ತೆ. 1996ರಲ್ಲಿ ಅದು ಮುಚ್ಚಿತು.

ಪಕ್ಕದ ಮೂಲೆಯ ಕಟ್ಟಡ 1988ರದು. ಸ್ಯಾನ್ ಫ್ರಾನ್ಸಿಸ್ಕೋ ಸೆಂಟರ್ ಅಂತ ಹೆಸರು. ಜಾಗ ಚಿಕ್ಕದು, ಅದಕ್ಕೇ ಅಂಗಡಿಗಳನ್ನು ಒಂದರ ಮೇಲೊಂದು ಪೇರಿಸಿದರು. ಮೇಲಿನ ಮಹಡಿಗಳೆಲ್ಲ ನಾರ್ಡ್‌ಸ್ಟ್ರಾಮ್ ಅನ್ನೋ ಬಟ್ಟೆ ಅಂಗಡಿಗೆ. ಅಲ್ಲಿಗೆ ಜನರನ್ನು ಹತ್ತಿಸೋಕೆ ಮಿತ್ಸುಬಿಷಿಯವರು ಮಾಡಿದ, ಹಾವಿನ ಥರ ಸುತ್ತಿಕೊಂಡು ಮೇಲೇರುವ ಎಸ್ಕಲೇಟರುಗಳು. ಆಮೇಲೆ 2006ರಲ್ಲಿ ಎಂಪೋರಿಯಂನ ಮುಂಭಾಗ ಮತ್ತು ಗುಮ್ಮಟ ಉಳಿಸಿಕೊಂಡು, ಉಳಿದದ್ದನ್ನೆಲ್ಲ ಹೊಸದಾಗಿ ಕಟ್ಟಿ, ಎರಡೂ ಕಟ್ಟಡಗಳನ್ನು ಒಳಗಿಂದ ಸೇರಿಸಿದರು. ಆ ಕೆಲಸದಲ್ಲಿ ಹಳೇ ಗುಮ್ಮಟವನ್ನು ಸುಮಾರು 60 ಅಡಿ ಮೇಲಕ್ಕೆತ್ತಿ ಕೂರಿಸಿದರು. ಎಂಜಿನಿಯರಿಂಗ್ ಓದಿದವರಿಗೆ ಇದನ್ನು ಕೇಳಿದರೇ ಖುಷಿ ಆಗಬೇಕು. ಒಂದು ತುದಿಗೆ ನಾರ್ಡ್‌ಸ್ಟ್ರಾಮ್, ಇನ್ನೊಂದು ತುದಿಗೆ ಬ್ಲೂಮಿಂಗ್‌ಡೇಲ್ಸ್, ಮಧ್ಯೆ ನೂರಾರು ಅಂಗಡಿ, ಸಿನಿಮಾ, ಕೆಳಗೆ ಫುಡ್ ಕೋರ್ಟ್. ವೆಸ್ಟ್‌ಫೀಲ್ಡ್ ಅನ್ನೋ ಬೋರ್ಡು.

ಕೆಲಸದ ಮೇಲೆ ಆ ಊರಿಗೆ ಹೋಗಿದ್ದ ನಮ್ಮಂಥ ಎಷ್ಟೋ ಜನರಿಗೆ ಈ ಮಾಲ್ ಪರಿಚಯ. ಬಾರ್ಟ್ ರೈಲಿನ ಪವೆಲ್ ಸ್ಟೇಷನ್ನಿನಲ್ಲಿ ಇಳಿದರೆ ನೆಲದಡಿಯಲ್ಲೇ ಮಾಲಿನ ಬಾಗಿಲು ಇತ್ತು. ರೈಲಿನಿಂದ ಫುಡ್ ಕೋರ್ಟಿಗೆ, ಫುಡ್ ಕೋರ್ಟಿಂದ ಎಸ್ಕಲೇಟರಿಗೆ, ಎಸ್ಕಲೇಟರಿಂದ ಅಂಗಡಿಗೆ. ಆಕಾಶ ನೋಡದೆ, ಮಳೆ ತಾಗದೆ, ಒಂದು ಭಿಕ್ಷುಕನ ಮುಖ ನೋಡದೆ ಬಂದು ಹೋಗಬಹುದಿತ್ತು. ನಾನೂ ಹಾಗೆ ಎಷ್ಟೋ ಸಲ ಬಂದು ಹೋಗಿದೀನಿ. ಆ ಸೌಕರ್ಯವೇ ಕಟ್ಟಡದ ಮೊದಲ ದೋಷ ಅನ್ನೋದು ನನ್ನ ವಾದ. ಹೊರಗಡೆ ಕೇಬಲ್ ಕಾರು ತಿರುಗಿಸೋ ಜಾಗ, ಪ್ರವಾಸಿಗಳ ಸಾಲು, ಹಾಡೋರು, ಹೂ ಮಾರೋರು, ಎದುರಿಗೆ ಆ ಊರಿನ ಅತಿ ದೊಡ್ಡ ಬೀದಿ. ಈ ಬೀದಿಗೆ ಮಾಲ್ ಕೊಟ್ಟಿದ್ದು ಏನು? ಕೆಲವು ಬಾಗಿಲು, ಉದ್ದಕ್ಕೂ ಗೋಡೆ. ಬೀದಿಯಲ್ಲಿ ಓಡಾಡಬೇಕಿದ್ದ ಜನರನ್ನೆಲ್ಲ ಒಳಗೆ ಎಳೆದುಕೊಂಡಿತು. ಚೆನ್ನಾಗಿ ನಡೀತಿದ್ದಾಗ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಮಾಲ್ ಖಾಲಿಯಾದ ಮೇಲೆ ಬೀದಿಯೂ ಖಾಲಿ ಕಾಣಿಸಿತು, ಯಾಕಂದ್ರೆ ಬೀದಿಯದ್ದು ಅಂತ ಆ ಬದಿಯಲ್ಲಿ ಏನೂ ಉಳಿದಿರಲಿಲ್ಲ.

* * *

ಈಗ ಕುಸಿತದ ಲೆಕ್ಕ. ಮಾಲ್ ಕಂಪನಿಯೇ 2023ರಲ್ಲಿ ಕೊಟ್ಟ ಅಂಕಿ ಇವು: 2019ರಲ್ಲಿ 45 ಕೋಟಿ 50 ಲಕ್ಷ ಡಾಲರ್ ವ್ಯಾಪಾರ ಆಗಿತ್ತು, 2022ರಲ್ಲಿ 29 ಕೋಟಿ 80 ಲಕ್ಷಕ್ಕೆ ಇಳೀತು. ಬಂದು ಹೋಗೋರ ಸಂಖ್ಯೆ 97 ಲಕ್ಷದಿಂದ 56 ಲಕ್ಷಕ್ಕೆ ಬಂತು. 2023ರ ಮೇ ತಿಂಗಳಲ್ಲಿ ನಾರ್ಡ್‌ಸ್ಟ್ರಾಮ್ ಹೊರಡುತ್ತೀವಿ ಅಂತು. ಜೂನ್‌ನಲ್ಲಿ ಮಾಲಿನ ಮಾಲೀಕರು ಸಾಲದ ಕಂತು ನಿಲ್ಲಿಸಿ, ಕಟ್ಟಡ ಸಾಲಗಾರರಿಗೇ ಬಿಟ್ಟುಕೊಡ್ತೀವಿ ಅಂದರು. ಅದೇ ತಿಂಗಳು ಸಿನಿಮಾ ಮಂದಿರಗಳು ಮುಚ್ಚಿದವು. 2025ರಲ್ಲಿ ಬ್ಲೂಮಿಂಗ್‌ಡೇಲ್ಸ್ ಕೂಡ ಹೋಯಿತು. ಎರಡು ಕಂಬವೂ ಬಿದ್ದ ಮೇಲೆ ಚಪ್ಪರ ನಿಲ್ಲುತ್ತಾ?

ಮಾಲೀಕರು ಕೊಟ್ಟ ಕಾರಣ ಅಲ್ಲಿನ ಸುರಕ್ಷತೆ ಸರಿ ಇಲ್ಲ ಅನ್ನೋದು. ಆ ಸುತ್ತಮುತ್ತ ಸಮಸ್ಯೆ ಇದ್ದದ್ದು ನಿಜ, ಅದನ್ನು ಮುಚ್ಚಿಡೋದು ಬೇಡ. ಆದರೆ ಇನ್ನೊಂದು ವಿಷಯವನ್ನೂ ಇಟ್ಟು ನೋಡಿ. ವೆಸ್ಟ್‌ಫೀಲ್ಡನ್ನು 2018ರಲ್ಲಿ ಕೊಂಡ ಪ್ಯಾರಿಸ್ಸಿನ ಕಂಪನಿ, ಅಮೆರಿಕದಲ್ಲಿರೋ ತನ್ನ ಮಾಲುಗಳನ್ನು ಬಹುಪಾಲು ಕೈಬಿಡ್ತೀನಿ ಅಂತ 2021ರಲ್ಲೇ ಷೇರುದಾರರಿಗೆ ಹೇಳಿತ್ತು. ಮನೆ ಖಾಲಿ ಮಾಡೋಕೆ ಮೊದಲೇ ಗಂಟು ಕಟ್ಟಿಟ್ಟವರು ಹೊರಡುವಾಗ ‘ಈ ಬೀದಿ ಸರಿ ಇಲ್ಲ’ ಅಂದ್ರೆ ಎಷ್ಟು ನಂಬೋದು? ಇನ್ನೂ ಸ್ವಾರಸ್ಯ ಅಂದ್ರೆ, ನಾರ್ಡ್‌ಸ್ಟ್ರಾಮ್ ಬಾಗಿಲು ಹಾಕಿದ ಅದೇ 2023ರ ಆಗಸ್ಟ್‌ನಲ್ಲಿ, ಅದೇ ಮಾರ್ಕೆಟ್ ಸ್ಟ್ರೀಟಿನಲ್ಲಿ, ನಾಲ್ಕು ಹೆಜ್ಜೆ ಆಚೆ, ಐಕಿಯಾ ಹೊಸ ಅಂಗಡಿ ತೆರೀತು. ಅದೂ ಎಂಥ ಕಟ್ಟಡದಲ್ಲಿ? ಮಾಲ್ ಮಾಡೋಕೆ ಅಂತಲೇ ಕಟ್ಟಿ, 2016ರಿಂದ ಬಾಡಿಗೆದಾರರೇ ಸಿಗದೆ ಖಾಲಿ ಬಿದ್ದಿದ್ದ ಕಟ್ಟಡದಲ್ಲಿ. ಅಂದರೆ ಕೊರೋನಾಕ್ಕೆ ಮುಂಚೆ, ಊರು ತುಂಬಿ ತುಳುಕುತ್ತಿದ್ದ ಕಾಲದಲ್ಲೇ ಆ ಬೀದಿಗೆ ಇನ್ನೊಂದು ಮಾಲ್ ಬೇಕಿರಲಿಲ್ಲ!

‘ಆನ್‌ಲೈನ್ ಕೊಂದಿತು’ ಅನ್ನೋ ವಾದಕ್ಕೂ ಒಂದು ಅಡ್ಡಿ ಇದೆ. ಅದೇ ಕಂಪನಿಯ ಇನ್ನೊಂದು ಮಾಲ್, ವ್ಯಾಲಿ ಫೇರ್, ಅಲ್ಲಿಂದ ಸುಮಾರು ಒಂದು ಗಂಟೆ ದಾರಿ. ಸ್ಯಾನ್ ಹೋಸೆ ಮತ್ತು ಸಾಂಟಾ ಕ್ಲಾರಾ ಗಡಿಯಲ್ಲಿದೆ. ಬೇ ಏರಿಯಾದ ಕನ್ನಡಿಗರಿಗೆ ಅದರ ಪಾರ್ಕಿಂಗ್ ಸುತ್ತಿ ಸುತ್ತಿ ತಲೆ ಕೆಟ್ಟ ಅನುಭವ ಇದ್ದೇ ಇರುತ್ತೆ. 2019ರಿಂದ 2022ರ ನಡುವೆ, ಅಂದರೆ ಇದೇ ಅವಧಿಯಲ್ಲಿ, ಅಲ್ಲಿನ ವ್ಯಾಪಾರ ಏರಿತು. ಅದೇ ಅಮೆಜಾನ್, ಅದೇ ಜನ, ಅದೇ ಬ್ರಾಂಡುಗಳು. ವ್ಯತ್ಯಾಸ ಎಲ್ಲಿ? ವ್ಯಾಲಿ ಫೇರ್ ಸುತ್ತ ಮನೆಗಳಿವೆ, ಅಲ್ಲಿಗೆ ಬರೋರು ಮನೆಯಿಂದ ಬರ್ತಾರೆ. ಡೌನ್‌ಟೌನಿನ ಮಾಲಿಗೆ ಬರ್ತಿದ್ದವರಲ್ಲಿ ದೊಡ್ಡ ಪಾಲು ಆಫೀಸಿನವರದು. ಮಧ್ಯಾಹ್ನ ಊಟಕ್ಕೆ, ಸಂಜೆ ರೈಲು ಹಿಡಿಯೋ ಮುಂಚೆ ಒಂದು ಸುತ್ತಿಗೆ. ಆ ಆಫೀಸುಗಳು 2020ರ ಮಾರ್ಚ್‌ನಲ್ಲಿ ಖಾಲಿಯಾದವು, ಆಮೇಲೆ ಪೂರ್ತಿ ತುಂಬಲೇ ಇಲ್ಲ. ಡೌನ್‌ಟೌನಿನ ಆಫೀಸು ಜಾಗದಲ್ಲಿ ಶೇಕಡಾ 30ಕ್ಕೂ ಹೆಚ್ಚು ಬಾಡಿಗೆಗೆ ಹೋಗದೆ ಉಳಿಯಿತು. ಬಾರ್ಟ್ ರೈಲು ಹತ್ತೋರು ಕೊರೋನಾ ಮುಗಿದು ವರ್ಷಗಳಾದರೂ ಮೊದಲಿನ ಅರ್ಧಕ್ಕೂ ಕಡಿಮೆ ಇದ್ದರು.

ಅಂದರೆ ಮಾಲನ್ನು ಕೊಂದದ್ದರಲ್ಲಿ ಕಳ್ಳರ ಪಾಲಿಗಿಂತ ನಮ್ಮ ಕಸುಬಿನವರ ಪಾಲು ಜಾಸ್ತಿ. ಪೈಜಾಮ ಹಾಕಿಕೊಂಡು ಸ್ಟ್ಯಾಂಡ್‌ಅಪ್ ಕಾಲ್‌ಗೆ ಕೂತ ಸಾಫ್ಟ್‌ವೇರಿನವರು. ಇದು ಅಪರಾಧ ಅಂತ ನಾನು ಹೇಳ್ತಿಲ್ಲ. ದಿನಕ್ಕೆ ಮೂರು ಗಂಟೆ ಪ್ರಯಾಣ ಉಳಿದರೆ ಯಾರು ಬೇಡ ಅಂತಾರೆ? ಆದರೆ ಒಂದೇ ಥರದ ಕೆಲಸದ, ಒಂದೇ ಥರದ ಸಂಬಳದ, ಒಂದೇ ಹೊತ್ತಿಗೆ ಬಂದು ಹೋಗೋ ಜನರನ್ನು ನಂಬಿಕೊಂಡು ಊರಿನ ನಡುಮಧ್ಯ ಕಟ್ಟಿದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

* * *

ನಮ್ಮ ಭಾಷೆಯಲ್ಲಿ ಹೇಳೋದಾದರೆ ಮಾಲ್ ಅನ್ನೋದು ಒಂದು ಮೊನೊಲಿತ್. ನೂರು ಅಂಗಡಿ ಇದ್ದ ಹಾಗೆ ಕಾಣುತ್ತೆ, ಆದರೆ ಎಲ್ಲ ಒಂದೇ ಪ್ರೋಸೆಸ್ಸಿನಲ್ಲಿ ಓಡ್ತಿರುತ್ತೆ. ಒಬ್ಬನೇ ಮಾಲೀಕ, ಒಂದೇ ಸಾಲ, ಒಂದೇ ಕರೆಂಟ್ ಬಿಲ್ಲು, ರಾತ್ರಿ ಹಾಕೋದು ಒಂದೇ ಬೀಗ.

ಇದರ ಒಳಗಿನ ಲೆಕ್ಕ ಹೊರಗಿನವರಿಗೆ ಅಷ್ಟು ಗೊತ್ತಿರಲ್ಲ. ನಾರ್ಡ್‌ಸ್ಟ್ರಾಮ್ ಥರದ ದೊಡ್ಡ ಅಂಗಡಿಯನ್ನು ಆ ವ್ಯಾಪಾರದಲ್ಲಿ ಆಂಕರ್ ಅಂತಾರೆ, ಹಡಗಿನ ಲಂಗರು. ಜನರನ್ನು ಎಳೆದು ತರೋದು ಅದರ ಕೆಲಸ. ಅದಕ್ಕಾಗಿ ಅದಕ್ಕೆ ಚದರಡಿ ಬಾಡಿಗೆ ತೀರಾ ಕಡಿಮೆ. ಆ ನಷ್ಟವನ್ನು ತುಂಬಿಕೊಡೋರು ಮಧ್ಯದ ಸಣ್ಣ ಅಂಗಡಿಯವರು. ಅವರು ಜಾಸ್ತಿ ಬಾಡಿಗೆ ಕಟ್ಟೋದೇ ಆಂಕರ್ ಇದೆ ಅಂತ. ಅದಕ್ಕೇ ಅವರಲ್ಲಿ ಎಷ್ಟೋ ಜನ ಕರಾರಿನಲ್ಲಿ ಕೋ-ಟೆನೆನ್ಸಿ ಅನ್ನೋ ಷರತ್ತು ಹಾಕಿಸಿರ್ತಾರೆ: ಆಂಕರ್ ಹೋದರೆ ನಾವು ಬಾಡಿಗೆ ಕಮ್ಮಿ ಕೊಡ್ತೀವಿ, ಇಲ್ಲಾ ಖಾಲಿ ಮಾಡ್ತೀವಿ. ಈಗ ಪ್ರೊಡಕ್ಷನ್ನಿನಲ್ಲಿ ಏನಾಗುತ್ತೆ ನೋಡಿ. ಒಂದು ಸರ್ವಿಸ್ ಬಿತ್ತು, ಅದನ್ನು ನಂಬಿದ ಹತ್ತು ಬಿದ್ದವು, ಅವನ್ನು ನಂಬಿದ ಐವತ್ತು ಬಿದ್ದವು. ಬಾಡಿಗೆ ಇಳೀತು, ಸಾಲದ ಕಂತು ನಿಂತಿತು, ಕಂತು ನಿಂತ ಮೇಲೆ ರಿಪೇರಿಗೆ ದುಡ್ಡಿಲ್ಲ, ರಿಪೇರಿ ಇಲ್ಲದ ಮಾಲಿಗೆ ಜನ ಬರಲ್ಲ. ಇದಕ್ಕೆ ರೋಲ್‌ಬ್ಯಾಕ್ ಇಲ್ಲ.

ನಮ್ಮ ಹೋಬಳಿಯ ಸಂತೆ ಇದಕ್ಕೆ ಪೂರ್ತಿ ಉಲ್ಟಾ. ಸಂತೆಮಾಳ ಪಂಚಾಯ್ತಿದು. ಸುಂಕ ವಸೂಲಿ ಮಾಡೋ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಹಾಕ್ತಾರೆ. ಹಿಡಿದವನು ಚೀಟಿ ಹರಿದು ಒಂದೊಂದು ಅಂಗಡಿಯಿಂದ ಇಷ್ಟಿಷ್ಟು ಅಂತ ತಗೊಳ್ತಾನೆ. ಬಳೆಯವರು ಒಂದು ವಾರ ಬರಲಿಲ್ಲ, ಆ ಜಾಗದಲ್ಲಿ ಕಡ್ಲೆಪುರಿಯವನು ಕೂತ. ಈರುಳ್ಳಿ ರೇಟು ಬಿತ್ತು, ಈರುಳ್ಳಿಯವನು ಬರೋದು ಬಿಟ್ಟ, ಟೊಮೇಟೋದವನು ನಾಲ್ಕಡಿ ಆಚೆ ಈಚೆ ಸರಿದ. ಕುರಿ ವ್ಯಾಪಾರ ಬೇರೆ ಕಡೆ ಹೋಯ್ತು, ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಬಂದವು. ಸಂತೆ ಸೊರಗಿದ್ದೂ ಉಂಟು, ಸಣ್ಣದಾದದ್ದೂ ಉಂಟು. ಆದರೆ ಸುಂಕದವನು ದಿವಾಳಿ ಎದ್ದ ಅಂತ ಸಂತೆ ನಿಂತದ್ದನ್ನು ನಾನಂತೂ ಕಂಡಿಲ್ಲ. ಅಲ್ಲಿ ಬೀಗ ಹಾಕೋಕೆ ಬಾಗಿಲೇ ಇಲ್ಲವಲ್ಲ!

ಸಂತೆಯನ್ನು ಹೊಗಳಿ ಮಾಲನ್ನು ಬಯ್ಯೋದು ಸುಲಭ, ಅದು ನನ್ನ ಉದ್ದೇಶ ಅಲ್ಲ. ಸಂತೆಯಲ್ಲಿ ಕೆಸರು ಇರುತ್ತೆ, ಹೆಂಗಸರಿಗೆ ಶೌಚಾಲಯ ಇರಲ್ಲ, ತಕ್ಕಡಿಯಲ್ಲಿ ಮೋಸ ಇರುತ್ತೆ. ಊರಿಂದ ಬಂದ ಅತ್ತೆ-ಅಮ್ಮಂದಿರು ಮಾಲಿಗೆ ಕರೆದೊಯ್ದರೆ ಮೊದಲು ಮೆಚ್ಚೋದು ಅಲ್ಲಿನ ಬಾತ್‌ರೂಮನ್ನೇ, ಅದು ಸಣ್ಣ ಮಾತಲ್ಲ. ವಿಷಯ ಅದಲ್ಲ. ಮಾಲೀಕತ್ವ ಹೇಗೆ ಹಂಚಿದೆ ಅನ್ನೋದರ ಮೇಲೆ ಒಂದು ಪೇಟೆ ಕಷ್ಟಕಾಲ ದಾಟುತ್ತೋ ಇಲ್ಲವೋ ಅನ್ನೋದು ನಿಂತಿದೆ. ಅಷ್ಟೇ.

* * *

ಮುಂದೇನು ಮಾಡಬೇಕು ಅನ್ನೋದಕ್ಕೆ ಆ ಊರಿನಲ್ಲಿ ಸಲಹೆಗಳಿಗೆ ಬರ ಇಲ್ಲ. 2023ರಲ್ಲಿ ಮೇಯರ್ ಆಗಿದ್ದ ಲಂಡನ್ ಬ್ರೀಡ್, ಕೆಡವಿ ಫುಟ್‌ಬಾಲ್ ಸ್ಟೇಡಿಯಂ ಯಾಕೆ ಕಟ್ಟಬಾರದು ಅಂದರು. ಲ್ಯಾಬ್ ಮಾಡಿ ಅಂದವರಿದ್ದಾರೆ, ಮನೆ ಮಾಡಿ, ಕಾಲೇಜು ಮಾಡಿ ಅಂದವರಿದ್ದಾರೆ. ಒಂದೊಂದನ್ನೇ ನೋಡೋಣ.

ಸ್ಟೇಡಿಯಂ ಅಂದ್ರೆ ಮತ್ತೊಂದು ಮೊನೊಲಿತ್. ಪಂದ್ಯ ಇದ್ದ ದಿನ ಮಾತ್ರ ಜೀವ, ಉಳಿದ ದಿನ ಇನ್ನೂ ದೊಡ್ಡ ಗೋಡೆ. ಮಾಲಿಗಾದರೂ ದಿನಾ ಬೆಳಗ್ಗೆ ಬಾಗಿಲು ತೆರೀತಿತ್ತು.

ಮನೆ ಮಾಡೋದು ಕೇಳೋಕೆ ಚೆಂದ, ಅಲ್ಲಿ ಮನೆಗಳ ಅಗತ್ಯವೂ ಇದೆ. ಆದರೆ ಮಾಲಿನ ಒಂದೊಂದು ಮಹಡಿಯೂ ಮೈದಾನದಷ್ಟು ಅಗಲ. ಕಿಟಕಿ ಇರೋದು ಹೊರ ಅಂಚಿನಲ್ಲಿ ಮಾತ್ರ, ಮಧ್ಯದಲ್ಲಿ ಬೆಳಕಿಲ್ಲ, ಗಾಳಿ ಇಲ್ಲ. ಮಹಡಿಗೆ ಎರಡೋ ಮೂರೋ ಕಡೆ ಮಾತ್ರ ನೀರಿನ ಪೈಪು. ಮನೆ ಬೇಕೆಂದರೆ ಮಧ್ಯೆ ಕೊರೆದು ಅಂಗಳ ತೆಗೀಬೇಕು, ಇಲ್ಲ ಗುಮ್ಮಟದ ಕಡೆಯ ಹಳೆ ಭಾಗ ಉಳಿಸಿ ಮಿಕ್ಕಿದ್ದನ್ನು ಕೆಡವಬೇಕು. ಎರಡೂ ದುಬಾರಿ. ಆಗುವ ಕೆಲಸವೇ, ಆದರೆ ಪತ್ರಿಕೆಯಲ್ಲಿ ಬರೋ ಬಣ್ಣದ ಚಿತ್ರದಷ್ಟು ಸುಲಭ ಅಲ್ಲ.

ಆಫೀಸು ಮಾಡಿದರೆ? ಅದಕ್ಕೆ ಉತ್ತರ ಸ್ಯಾನ್ ಡಿಯೇಗೋದಲ್ಲಿದೆ. ಅಲ್ಲಿನ ಡೌನ್‌ಟೌನಿನ ಹಾರ್ಟನ್ ಪ್ಲಾಜಾ 1985ರಲ್ಲಿ ಶುರುವಾದಾಗ ದೇಶವೆಲ್ಲ ಹೋಗಿ ನೋಡಿದ ಮಾಲ್. ಜಾನ್ ಜರ್ಡಿ ಅನ್ನೋ ವಾಸ್ತುಶಿಲ್ಪಿ ಬಣ್ಣ ಬಣ್ಣದ ಸೇತುವೆ, ಓರೆ ಮಹಡಿ, ತೆರೆದ ಆಕಾಶ ಇಟ್ಟು ಕಟ್ಟಿದ್ದ. ಅದೂ ಸೊರಗಿತು. 2018ರಲ್ಲಿ ಕೊಂಡವರು ಅದನ್ನು ಟೆಕ್ ಕಂಪನಿಗಳ ಕ್ಯಾಂಪಸ್ ಮಾಡ್ತೀವಿ ಅಂದರು. ಕೆಲಸ ಅರ್ಧ ಆಗೋ ಹೊತ್ತಿಗೆ ಕೊರೋನಾ ಬಂತು, ಟೆಕ್ ಕಂಪನಿಗಳು ಮನೆಗೆ ಹೋದವು, ಕಟ್ಟಡ ಸಾಲದ ತಕರಾರಿನಲ್ಲಿ ಸಿಕ್ಕಿಕೊಂಡಿತು. ಅಂಗಡಿ ಖಾಲಿ ಮಾಡಿಸಿದವರನ್ನೇ ಬಾಡಿಗೆಗೆ ಕರೆಯೋಕೆ ಹೋದ ಹಾಗಾಯ್ತು.

ಇನ್ನು ಕೆಡವಿ ಸುಮ್ಮನೆ ಕಾಯೋ ದಾರಿ. ಕ್ಯುಪರ್ಟಿನೋದ ವಾಲ್ಕೋ ಮಾಲ್ ಅದಕ್ಕೆ ಸಾಕ್ಷಿ. ಆಪಲ್ ಕಂಪನಿಯ ಊರು, ನಮ್ಮವರು ಬೀದಿಗೊಬ್ಬರು ಸಿಗೋ ಊರು, ದುಡ್ಡಿಗೆ ಕೊರತೆ ಇಲ್ಲದ ಊರು. ಆದರೂ 1976ರ ಆ ಮಾಲ್ ಸತ್ತ ಮೇಲೆ ಏನು ಕಟ್ಟಬೇಕು ಅಂತ ಜನ ಒಪ್ಪಲೇ ಇಲ್ಲ. 2016ರಲ್ಲಿ ಎರಡು ಎದುರು-ಬದುರು ಪ್ರಸ್ತಾಪಗಳನ್ನು ಮತಕ್ಕೆ ಹಾಕಿದರು. ಜನ ಎರಡನ್ನೂ ಸೋಲಿಸಿದರು! 2018ರಲ್ಲಿ ಕೆಡವೋಕೆ ಶುರು ಮಾಡಿದರು. ಆಮೇಲೆ ವರ್ಷಗಟ್ಟಲೆ ಊರ ನಡುವೆ ಬೇಲಿ ಹಾಕಿದ ಬಯಲು.

ಇದೆಲ್ಲ ನೋಡಿದಾಗ ವಿಕ್ಟರ್ ಗ್ರುಯೆನ್ ನೆನಪಾಗುತ್ತಾನೆ. ವಿಯೆನ್ನಾದ ಯಹೂದಿ, ಹಿಟ್ಲರನ ಕಾಲದಲ್ಲಿ ಅಮೆರಿಕಕ್ಕೆ ಓಡಿ ಬಂದವನು. 1956ರಲ್ಲಿ ಮಿನೆಸೋಟದಲ್ಲಿ ಸೌತ್‌ಡೇಲ್ ಅನ್ನೋ, ಪೂರ್ತಿ ಮುಚ್ಚಿದ, ಎಸಿ ಹಾಕಿದ ಮೊದಲ ಮಾಲನ್ನು ಕಟ್ಟಿದ. ಅವನ ಮನಸ್ಸಿನಲ್ಲಿದ್ದದ್ದು ವಿಯೆನ್ನಾದ ನಡೆದಾಡೋ ಪೇಟೆ. ಸುತ್ತ ಮನೆ, ಶಾಲೆ, ಆಸ್ಪತ್ರೆ, ಪಾರ್ಕು, ನಡುವೆ ಮಾಲ್ ಅಂತ ನಕ್ಷೆ ಹಾಕಿದ್ದ. ಬಂಡವಾಳದವರು ಮಾಲನ್ನು ಮಾತ್ರ ಇಟ್ಟುಕೊಂಡು ಮಿಕ್ಕಿದ್ದನ್ನು ಬಿಟ್ಟರು, ಸುತ್ತ ಪಾರ್ಕಿಂಗ್ ಹಾಕಿದರು. 1962ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಊರಿನ ನಡುಮಧ್ಯದಲ್ಲಿ ಮಿಡ್‌ಟೌನ್ ಪ್ಲಾಜಾ ಕಟ್ಟಿದ. ಡೌನ್‌ಟೌನನ್ನು ಉಳಿಸೋಕೆ ಮಾಲ್ ಅನ್ನೋ ಮದ್ದನ್ನು ಅಮೆರಿಕ ಮೊದಲು ಕುಡಿದದ್ದು ಅಲ್ಲಿ. 2008ರಲ್ಲಿ ಅದೂ ಮುಚ್ಚಿ, ಆಮೇಲೆ ನೆಲಸಮ ಆಯ್ತು. ಗ್ರುಯೆನ್ ಕೊನೆಗಾಲದಲ್ಲಿ ವಿಯೆನ್ನಾಕ್ಕೆ ವಾಪಸ್ ಹೋದ. ತನ್ನ ಹೆಸರಲ್ಲಿ ಬೆಳೆದ ಈ ಮಾಲುಗಳಿಗೂ ತನಗೂ ಸಂಬಂಧ ಇಲ್ಲ ಅಂತ 1978ರಲ್ಲಿ ಲಂಡನ್ನಿನ ಒಂದು ಭಾಷಣದಲ್ಲಿ ಸಿಟ್ಟಿನಿಂದಲೇ ಹೇಳಿದ. ಆ ಹೊತ್ತಿಗೆ ವಿಯೆನ್ನಾದ ಹೊರವಲಯಕ್ಕೂ ಒಂದು ದೊಡ್ಡ ಮಾಲ್ ಬಂದಾಗಿತ್ತು.

* * *

ಹಾಗಾದರೆ ನನ್ನ ಅಭಿಪ್ರಾಯ? ಏನು ಕಟ್ಟಬೇಕು ಅನ್ನೋ ಚರ್ಚೆಯಲ್ಲಿ ಎಲ್ಲರೂ ಮುಳುಗಿದ್ದಾರೆ. ಎಷ್ಟು ಚೂರು ಮಾಡಬೇಕು ಅನ್ನೋದನ್ನು ಕೇಳೋರು ಕಡಿಮೆ. ಮಾಲಿನ ಎದುರು ಐದನೇ ರಸ್ತೆಯಲ್ಲಿ ಹಳೇ ಟಂಕಸಾಲೆ ಇದೆ, 1874ರದು, ಭೂಕಂಪಕ್ಕೂ ಬೀಳದ ಕಟ್ಟಡ. ಅದರ ಪಕ್ಕದ ಗಲ್ಲಿಯೊಂದನ್ನು ಕಾರುಗಳಿಂದ ಬಿಡಿಸಿ, ಜನ ಕೂರೋ ಜಾಗ ಮಾಡಿದಾರೆ. ಅಂಥ ಗಲ್ಲಿಗಳು ಮಾಲಿನ ಹೊಟ್ಟೆಯೊಳಗೂ ಹಾದು ಹೋಗಲಿ. ಮಾರ್ಕೆಟ್ ಸ್ಟ್ರೀಟಿಂದ ಆಚೆಯ ಮಿಷನ್ ಸ್ಟ್ರೀಟಿಗೆ ಆಕಾಶ ಕಾಣುವ ದಾರಿ ಇರಲಿ. ನೆಲಮಟ್ಟದಲ್ಲಿ ಇಪ್ಪತ್ತು ಅಡಿಗೊಂದು ಬಾಗಿಲು, ಒಂದೊಂದಕ್ಕೂ ಬೇರೆ ಬೇರೆ ಬೀಗ. ಮೇಲೆ ಮನೆಯೋ ಕಾಲೇಜೋ ಏನಾದರೂ ಬರಲಿ. ಗುಮ್ಮಟದ ಕೆಳಗಿನ ಜಾಗ ಊರಿನದಾಗಲಿ. ತಾರಸಿ ಮೇಲೆ ಮಕ್ಕಳ ಜಾತ್ರೆ ನಡೆಸಿದ ಕಟ್ಟಡಕ್ಕೆ ಅಷ್ಟು ಮರ್ಯಾದೆ ಸಲ್ಲಲೇಬೇಕು.

ಇದು ಕನಸಿನ ಮಾತು ಅನ್ನಿಸಬಹುದು. ಆದರೆ ಒಂದು ವಿಷಯ ಇದಕ್ಕೆ ಬಲ ಕೊಡುತ್ತೆ. ಮಾಲಿನ ಅಡಿಯ ನೆಲದಲ್ಲಿ ಒಂದು ಭಾಗ ಆ ಊರಿನ ಸರ್ಕಾರಿ ಶಾಲಾ ಮಂಡಳಿಯದ್ದು! ಭೂಕಂಪಕ್ಕೆ ಮುಂಚೆ ಅಲ್ಲೊಂದು ಶಾಲೆ ಇತ್ತು. ಶಾಲೆ ಹೋಯ್ತು, ನೆಲ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟು ಬಾಡಿಗೆ ತಗೊಳ್ತಾ ಬಂದರು. ನೂರು ವರ್ಷದ ಮೇಲೆ ಈಗ, ಬ್ಯಾಂಕಿನವರಾಗಲಿ, ಹೊಸದಾಗಿ ಕೊಳ್ಳೋರಾಗಲಿ, ಆ ಜಾಗದಲ್ಲಿ ಏನು ಮಾಡಬೇಕಿದ್ದರೂ ಮಕ್ಕಳ ಶಾಲೆ ನಡೆಸೋರ ಜೊತೆ ಕೂತು ಮಾತಾಡಲೇಬೇಕು. ನಮ್ಮ ಸಂತೆಮಾಳದ ಲೆಕ್ಕವೇ ಇದು. ನೆಲ ಊರಿನದ್ದಾಗಿದ್ದರೆ ವ್ಯಾಪಾರಿ ಮುಳುಗಿದರೂ ಊರು ಮುಳುಗಲ್ಲ.

ಇಷ್ಟು ದೂರದ ಕಥೆ ಇಷ್ಟು ಉದ್ದ ಹೇಳಿದ್ದು ಇದೇ ಕಾರಣಕ್ಕೆ. ಬೆಂಗಳೂರಿನಲ್ಲಿ ರೆಸಿಡೆನ್ಸಿ ರೋಡಿನ ವಿಕ್ಟೋರಿಯಾ ಹೋಟೆಲ್ ಹೋಗಿ ಬೆಂಗಳೂರು ಸೆಂಟ್ರಲ್ ಬಂತು. ಆ ಸೆಂಟ್ರಲ್ ನಡೆಸಿದ ಫ್ಯೂಚರ್ ಗ್ರೂಪಿನ ಮುಖ್ಯ ಕಂಪನಿ 2022ರಲ್ಲಿ ದಿವಾಳಿ ಕೋರ್ಟಿನ ಮೆಟ್ಟಿಲು ಹತ್ತಿತು. ಮಲ್ಲೇಶ್ವರದ ಪಕ್ಕ ಗಿರಣಿ ಇದ್ದ ಜಾಗದಲ್ಲಿ ಮಂತ್ರಿ ಸ್ಕ್ವೇರ್ ಬಂತು, ಮೆಟ್ರೋ ಸ್ಟೇಷನ್ನಿಗೆ ಸಂಪಿಗೆ ರಸ್ತೆಯ ಹೆಸರಿನ ಮುಂದೆ ಮಾಲಿನ ಹೆಸರೂ ಸೇರಿತು. ತೆರಿಗೆ ಬಾಕಿಗೆ ಪಾಲಿಕೆಯವರು ಅದರ ಮುಂಬಾಗಿಲಿಗೆ ಬೀಗ ಹಾಕಿದಾಗ ಒಳಗಿದ್ದ ಎಲ್ಲ ಅಂಗಡಿಗೂ ಬೀಗ ಬಿತ್ತು, ಬಾಡಿಗೆ ತಪ್ಪದೆ ಕಟ್ಟಿದವರಿಗೂ. ಬ್ರಿಗೇಡ್ ರೋಡಿನ ರೆಕ್ಸ್ ಮುಚ್ಚಿತು, ಗಾಂಧಿನಗರದ ಕಪಾಲಿ ಬಿತ್ತು. ಇವು ಖಾಸಗಿ ಜಾಗಗಳು, ಮಾಲೀಕರ ಇಷ್ಟ ಅನ್ನಬಹುದು.

ಆದರೆ ಬಿಡಿಎ ಕಾಂಪ್ಲೆಕ್ಸ್‌ಗಳು ಹಾಗಲ್ಲ. ಅವು ನಮ್ಮ ನೆಲ. ಒಂದು ಕಡೆ ಹಾಪ್‌ಕಾಮ್ಸ್, ಒಂದು ಕಡೆ ಜೆರಾಕ್ಸ್ ಅಂಗಡಿ, ಮೇಲೆ ಯಾವುದೋ ಸರ್ಕಾರಿ ಕಚೇರಿ, ಮೆಟ್ಟಿಲ ಕೆಳಗೆ ಚಪ್ಪಲಿ ಹೊಲಿಯೋರು. ಬಣ್ಣ ಹೋಗಿದೆ, ಗೋಡೆ ಸೋರುತ್ತೆ, ಒಪ್ಪಿದೆ. ಇಂಥ ಕಾಂಪ್ಲೆಕ್ಸ್‌ಗಳನ್ನು ಖಾಸಗಿಯವರ ಜೊತೆ ಸೇರಿ ಕೆಡವಿ, ದೊಡ್ಡದಾಗಿ ಕಟ್ಟೋ ಯೋಜನೆ ಬಂದಿದೆ. ಇಂದಿರಾನಗರದಲ್ಲಿ ಅಲ್ಲಿನ ನಿವಾಸಿಗಳು ಬೀದಿಗಿಳಿದು ವಿರೋಧ ಮಾಡಿದ್ದಾರೆ. ನಮ್ಮ ವಯಸ್ಸಿನವರು ಬಹಳಷ್ಟು ಜನ ಅದನ್ನು ರಿಟೈರ್ಡ್ ಅಂಕಲ್‌ಗಳ ಜಗಳ ಅಂತ ನೋಡಿ ಸುಮ್ಮನಾಗ್ತೀವಿ. ಹೊಸ ಕಟ್ಟಡ ಬಂದರೆ ಪಾರ್ಕಿಂಗ್ ಆದರೂ ಸಿಗುತ್ತೆ ಅಂತೀವಿ.

ರಿಪೇರಿ ಬೇಡ ಅಂತ ಯಾರೂ ಹೇಳಬೇಕಿಲ್ಲ. ಆದರೆ ನೂರು ಬೀಗದ ಜಾಗವನ್ನು ಒಂದೇ ಬೀಗಕ್ಕೆ ತರೋ ಮುಂಚೆ, ಇನ್ನೂ ಬೆಳೀತಾ ಇರೋ ನಮ್ಮ ಊರಿನಲ್ಲಿ, ಇನ್ನೂ ಆಫೀಸುಗಳು ತುಂಬಿರೋ ಈ ಹೊತ್ತಿನಲ್ಲೇ ಕೇಳಬೇಕಾದ ಪ್ರಶ್ನೆಗಳಿವೆ. ನೆಲ ಯಾರ ಹೆಸರಲ್ಲಿ ಉಳಿಯುತ್ತೆ? ಗುತ್ತಿಗೆ ಎಷ್ಟು ವರ್ಷಕ್ಕೆ? ಕಟ್ಟಿದವನು ಸಾಲ ತೀರಿಸದೆ ಹೋದರೆ ಕಟ್ಟಡ ನಮಗೆ ವಾಪಸ್ ಬರುತ್ತಾ, ಬ್ಯಾಂಕಿಗೆ ಹೋಗುತ್ತಾ? ಈಗಿರೋ ಜೆರಾಕ್ಸಿನವರಿಗೆ, ಚಪ್ಪಲಿಯವರಿಗೆ ನೆಲಮಟ್ಟದಲ್ಲಿ ಜಾಗ ಇದೆಯಾ? ಬೀದಿ ಕಡೆಗೆ ಎಷ್ಟು ಬಾಗಿಲು?

ನಿಮ್ಮ ಏರಿಯಾದ ಕಾಂಪ್ಲೆಕ್ಸಿನ ನಕ್ಷೆ ಜನರ ಮುಂದೆ ಬಂದ ದಿನ ಬಣ್ಣದ ಚಿತ್ರ ಬದಿಗಿಟ್ಟು ಆ ಬಾಗಿಲುಗಳನ್ನು ಎಣಿಸಿ. ಎಣಿಕೆ ಒಂದು ಕೈ ಬೆರಳಿಗೇ ಮುಗಿದರೆ ಸಹಿ ಹಾಕಬೇಡಿ.